ಎಂಜಿನ್ ಗಣಕದ ದೋಷಸಂಕೇತಗಳು: ಹಳೆಯ ಕಾರುಗಳ ರೋಗನಿದಾನ

ಬ್ರಹ್ಮಾವರ, ಕೋಟ, ಕುಂದಾಪುರ, ಮರವಂತೆ, ಬೈಂದೂರುಗಳನ್ನು ರಾಷ್ಟ್ರೀಯ ಹೆದ್ದಾರಿ 66 ಒಂದೇ ದಾರದಲ್ಲಿ ಪೋಣಿಸಿದೆ. ಈ ಹೆದ್ದಾರಿಯ ಎರಡೂ ಬದಿಗಳಲ್ಲಿ, ತಗಡಿನ ಮಾಡಿನ ಕೆಳಗೆ, ನಾಲ್ಕಾರು ಸ್ಪ್ಯಾನರುಗಳನ್ನೂ ಒಂದು ಜಾಕನ್ನೂ ಬಂಡವಾಳವಾಗಿಟ್ಟುಕೊಂಡು ಜೀವನ ಸಾಗಿಸುವ ಗ್ಯಾರೇಜುಗಳು ಹಲವು ಇವೆ. ಹೊಸ ಕಾರುಗಳು ಕಂಪೆನಿಯ ಸರ್ವಿಸ್ ಕೇಂದ್ರಗಳಿಗೆ ಹೋಗುತ್ತವೆ. ಹತ್ತು, ಹದಿನೈದು, ಇಪ್ಪತ್ತು ವರ್ಷ ದುಡಿದ ಕಾರುಗಳು ಮಾತ್ರ ಈ ಗ್ಯಾರೇಜುಗಳನ್ನೇ ನಂಬಿಕೊಂಡಿರುತ್ತವೆ. ಇಂತಹ ಕಾರಿನ ಒಡೆಯರು ಸಾಮಾನ್ಯವಾಗಿ ಸಣ್ಣ ಹಿಡುವಳಿಯ ಕೃಷಿಕರು, ನಿವೃತ್ತ ಅಧ್ಯಾಪಕರು, ಮೀನು ವ್ಯಾಪಾರಿಗಳು, ಅಥವಾ ಮುಂಬಯಿ-ಬೆಂಗಳೂರುಗಳಲ್ಲಿ ದುಡಿಯುತ್ತ ಊರಿನ ಮನೆಯಲ್ಲೊಂದು ವಾಹನವನ್ನು ಉಳಿಸಿಕೊಂಡವರು. ಅವರಿಗೆ ಕಾರು ವೈಭವದ ವಸ್ತುವಲ್ಲ. ಆಸ್ಪತ್ರೆಗೂ ಶಾಲೆಗೂ ಮದುವೆಯ ಮನೆಗೂ ಕೊಂಡೊಯ್ಯುವ ಸಾಧನ.

ಇಂತಹ ಕಾರಿನ ಮುಂಭಾಗದ ಫಲಕದಲ್ಲಿ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪವೊಂದು ಹೊತ್ತಿಕೊಂಡಿತೆಂದರೆ ಒಡೆಯನ ಮನಸ್ಸಿನಲ್ಲಿ ಕಳವಳ ಹುಟ್ಟುತ್ತದೆ. ಆ ದೀಪ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅರಿಯದಿದ್ದರೆ ಒಂದರ ಮೇಲೊಂದು ಬಿಡಿಭಾಗಗಳನ್ನು ಬದಲಾಯಿಸಿ ಹಣ ಕಳೆದುಕೊಳ್ಳುವುದು ಅನಿವಾರ್ಯವಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಈ ಸಂದರ್ಭಕ್ಕೆ ಒಪ್ಪುವಷ್ಟು ಮತ್ತೊಂದಕ್ಕೆ ಒಪ್ಪಲಾರದು. ಆದುದರಿಂದ ಎಂಜಿನ್ ಗಣಕದ ದೋಷಸಂಕೇತಗಳ ಸ್ವರೂಪವನ್ನೂ ಅವುಗಳಿಂದ ನಿಜವಾದ ದೋಷವನ್ನು ಹುಡುಕುವ ಕ್ರಮವನ್ನೂ ತಿಳಿಯಹೇಳುವುದು ಈ ಲೇಖನದ ಉದ್ದೇಶ.

ಗಣಕ ಬಂದ ಬಗೆ

ಮಾರುತಿ 800 ಕಾರು 1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕನ ಕೈಸೇರಿದಾಗ ಅದರ ಎಂಜಿನ್ನಿಗೆ ಪೆಟ್ರೋಲನ್ನು ಒದಗಿಸುತ್ತಿದ್ದುದು ಕಾರ್ಬ್ಯುರೇಟರ್ ಎಂಬ ಸರಳ ಯಂತ್ರ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ವ್ಯವಸ್ಥೆಯೂ ಅದೇ ಆಗಿತ್ತು. ಅನುಭವಿ ಮೇಸ್ತ್ರಿಯು ಎಂಜಿನ್ನಿನ ಸದ್ದನ್ನು ಕಿವಿಯಿಂದ ಆಲಿಸಿ, ಹೊಗೆಯ ಬಣ್ಣವನ್ನು ಕಣ್ಣಿಂದ ನೋಡಿ, ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿ ಎಂಜಿನ್ನನ್ನು ಸರಿದಾರಿಗೆ ತರುತ್ತಿದ್ದನು. ಆ ವಿದ್ಯೆ ಪುಸ್ತಕದಲ್ಲಿ ಇರಲಿಲ್ಲ. ಕೈಯಿಂದ ಕೈಗೆ ದಾಟಿ ಬಂದಿತ್ತು.

ನಗರಗಳ ವಾಯುಮಾಲಿನ್ಯ ಈ ಪರಿಸ್ಥಿತಿಯನ್ನು ಬದಲಿಸಿತು. ಸರ್ವೋಚ್ಚ ನ್ಯಾಯಾಲಯವು 1999ರ ಏಪ್ರಿಲ್‌ನಲ್ಲಿ ದೆಹಲಿ ವಲಯದ ಹೊಸ ಕಾರುಗಳು ಯುರೋಪಿನ ಹೊಗೆ ನಿಯಮಗಳಿಗೆ ಒಳಪಡಬೇಕೆಂದು ಆದೇಶಿಸಿತು. ಅನಂತರ ಭಾರತ್ ಸ್ಟೇಜ್ ಎಂಬ ನಿಯಮಗಳು ಹಂತಹಂತವಾಗಿ ಜಾರಿಗೆ ಬಂದವು. ಎರಡನೆಯ ಹಂತವು 2005ರಲ್ಲಿಯೂ, ಮೂರನೆಯದು 2010ರಲ್ಲಿಯೂ, ನಾಲ್ಕನೆಯದು 2017ರಲ್ಲಿಯೂ, ಆರನೆಯದು 2020ರಲ್ಲಿಯೂ ದೇಶವ್ಯಾಪಿಯಾದವು. ಈ ಮಿತಿಗಳನ್ನು ಕಾರ್ಬ್ಯುರೇಟರಿನಿಂದ ತಲುಪುವುದು ಕಷ್ಟವಾದುದರಿಂದ ಪ್ರತಿಯೊಂದು ಸಿಲಿಂಡರಿಗೂ ಅಳೆದು ಇಂಧನವನ್ನು ಚಿಮ್ಮಿಸುವ ಎಂ.ಪಿ.ಎಫ್.ಐ. ವ್ಯವಸ್ಥೆ ಬಂದಿತು. ಅದನ್ನು ನಡೆಸುವುದಕ್ಕೆ ಒಂದು ಪುಟ್ಟ ಗಣಕಯಂತ್ರವೂ ಬಂದಿತು. ಗ್ಯಾರೇಜಿನ ಮಾತಿನಲ್ಲಿ ಇದು ಇ.ಸಿ.ಯು. ಅಥವಾ ಇ.ಸಿ.ಎಂ. ಮಾರುತಿ 800 ಕಾರಿಗೂ 2000ದ ವೇಳೆಗೆ ಈ ವ್ಯವಸ್ಥೆ ಅಳವಟ್ಟಿತು.

ಗಣಕವು ತನ್ನ ದೋಷಗಳನ್ನು ತಾನೇ ನೆನಪಿಟ್ಟುಕೊಳ್ಳಬೇಕೆಂಬ ಕಲ್ಪನೆ ಮೊದಲು ಕಾನೂನಾದುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, 1988ರಲ್ಲಿ. ಆಗ ಒಂದೊಂದು ಕಂಪೆನಿಯ ಸಂಕೇತವೂ ಒಂದೊಂದು ಬಗೆಯದಾಗಿತ್ತು. ಎಲ್ಲ ಕಂಪೆನಿಗಳಿಗೂ ಸಮಾನವಾದ ಸಂಕೇತಗಳು, ಸಮಾನವಾದ 16 ಸೂಜಿಗಳ ಸಾಕೆಟ್ಟು ಕಡ್ಡಾಯವಾದುದು ಅಮೆರಿಕದಲ್ಲಿ 1996ರಲ್ಲಿ. ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಲ್ಲಿ. ಭಾರತದಲ್ಲಿ ನಾಲ್ಕನೆಯ ಹಂತದ ವಾಹನಗಳಿಗೆ ಈ ಒ.ಬಿ.ಡಿ. ವ್ಯವಸ್ಥೆಯು 2010ರಿಂದ ಮೊದಲ ರೂಪದಲ್ಲಿಯೂ, 2013ರಿಂದ ಪೂರ್ಣತರವಾದ ಎರಡನೆಯ ರೂಪದಲ್ಲಿಯೂ ಬಂದಿತು.

ಈ ಇಸವಿಗಳು ಇತಿಹಾಸದ ಅಲಂಕಾರಕ್ಕಾಗಿ ಬಂದವಲ್ಲ. 2010ಕ್ಕಿಂತ ಹಿಂದಿನ ಕಾರಿನಲ್ಲಿ ಗಣಕವಿದೆ, ಎಷ್ಟೋ ಸಲ ಅದೇ ಆಕಾರದ ಸಾಕೆಟ್ಟೂ ಇದೆ. ಆದರೆ ಪೇಟೆಯಲ್ಲಿ ಸಿಗುವ ಅಗ್ಗದ ಸ್ಕ್ಯಾನರಿನೊಡನೆ ಅದು ಅನೇಕ ವೇಳೆ ಮಾತನಾಡುವುದಿಲ್ಲ. ಅಂತಹ ಗಣಕಕ್ಕೆ ತಿಳಿದಿರುವುದು ತನ್ನ ಕಂಪೆನಿಯ ಭಾಷೆ ಮಾತ್ರ. ಸ್ಕ್ಯಾನರ್ ಸಂಪರ್ಕ ಹೊಂದಲಿಲ್ಲವೆಂದ ಮಾತ್ರಕ್ಕೆ ಗಣಕ ಸತ್ತಿದೆಯೆಂದು ತೀರ್ಮಾನಿಸುವುದು ದೊಡ್ಡ ತಪ್ಪು.

ಗಣಕದ ಕೆಲಸ

ಗಣಕಕ್ಕೆ ಕಣ್ಣು ಕಿವಿಗಳಿಲ್ಲ. ಅದಕ್ಕೆ ತಿಳಿಯುವುದೆಲ್ಲವೂ ವಿದ್ಯುತ್ತಿನ ಒತ್ತಡದ ರೂಪದಲ್ಲಿ ಮಾತ್ರ. ಎಂಜಿನ್ನಿನ ಮೇಲೆ ಅಲ್ಲಲ್ಲಿ ಕೂರಿಸಿರುವ ಸೆನ್ಸರುಗಳು ನೀರಿನ ಉಷ್ಣತೆ, ಒಳಗೆ ಬರುವ ಗಾಳಿಯ ಉಷ್ಣತೆ ಮತ್ತು ಒತ್ತಡ, ಆಕ್ಸಿಲರೇಟರ್ ತೆರೆದಿರುವ ಪ್ರಮಾಣ, ಕ್ರ್ಯಾಂಕ್ ಶಾಫ್ಟಿನ ಸ್ಥಾನ, ಹೊಗೆಯಲ್ಲಿ ಉಳಿದ ಆಮ್ಲಜನಕ ಇವುಗಳನ್ನು ವಿದ್ಯುತ್ತಾಗಿ ಮಾರ್ಪಡಿಸಿ ಕಳುಹಿಸುತ್ತವೆ. ಬಹುಮಟ್ಟಿನ ಸೆನ್ಸರುಗಳಿಗೆ ಗಣಕವೇ 5 ವೋಲ್ಟ್ ಒದಗಿಸುತ್ತದೆ. ಈ ವರದಿಗಳನ್ನು ನೋಡಿ ಗಣಕವು ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಎಂಬುದನ್ನು ನಿರ್ಧರಿಸುತ್ತದೆ. ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಈ ಪ್ರಮಾಣವನ್ನು ಕಾಯ್ದುಕೊಳ್ಳುವುದೇ ಗಣಕದ ಮುಖ್ಯ ಕರ್ತವ್ಯ.

ನೀರಿನ ಉಷ್ಣತೆಯ ಸೆನ್ಸರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರೊಳಗಿರುವುದು ಬಿಸಿಯೇರಿದಂತೆ ವಿದ್ಯುತ್ ರೋಧ ಕಡಿಮೆಯಾಗುವ ಒಂದು ಹರಳು. 20 ಡಿಗ್ರಿಯಲ್ಲಿ ಅದರ ರೋಧ ಸುಮಾರು 2500 ಓಮ್ ಇದ್ದರೆ 80 ಡಿಗ್ರಿಯಲ್ಲಿ ಸುಮಾರು 320 ಓಮ್‌ಗೆ ಇಳಿಯುತ್ತದೆ. ತಂತಿ ತುಂಡಾದರೆ ರೋಧ ಅನಂತವಾಗುತ್ತದೆ; ಗಣಕಕ್ಕೆ ಪೂರ್ತಿ 5 ವೋಲ್ಟ್ ಕಾಣಿಸುತ್ತದೆ; ಅದು ನೀರು ಸೊನ್ನೆಗಿಂತ 40 ಡಿಗ್ರಿ ಕೆಳಗಿದೆಯೆಂದು ಓದುತ್ತದೆ. ಕುಂದಾಪುರದಲ್ಲಿ ಹಿಮಾಲಯದ ಚಳಿ! ಇದು ಅಸಂಭವವೆಂದು ಗಣಕವು ಅರಿತು, ಒಂದು ಸಂಕೇತವನ್ನು ಬರೆದಿಟ್ಟು ಹಳದಿ ದೀಪವನ್ನು ಹೊತ್ತಿಸುತ್ತದೆ. ಬಳಿಕ ತನ್ನಲ್ಲಿ ಮೊದಲೇ ಬರೆದಿಟ್ಟ ಒಂದು ಅಂದಾಜಿನ ಬೆಲೆಯನ್ನು ಹಿಡಿದು ಎಂಜಿನ್ನನ್ನು ಹೇಗೋ ನಡೆಸಿಕೊಂಡು ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸೆನ್ಸರ್ ಕೆಟ್ಟಿದೆ ಎಂದು ಗಣಕ ಹೇಳಲಿಲ್ಲ. ತನಗೆ ಬಂದ ವಿದ್ಯುತ್ತಿನ ಒತ್ತಡ ಮಿತಿಯನ್ನು ಮೀರಿದೆ ಎಂದಷ್ಟೇ ಹೇಳಿತು. ಆ ಮಿತಿ ಮೀರುವಿಕೆಗೆ ಸೆನ್ಸರ್ ಕಾರಣವಾಗಿರಬಹುದು, ತಂತಿ ಕಾರಣವಾಗಿರಬಹುದು, ಕನೆಕ್ಟರಿನ ಕಿಲುಬು ಕಾರಣವಾಗಿರಬಹುದು, ಅಪರೂಪಕ್ಕೆ ಗಣಕವೇ ಕಾರಣವಾಗಿರಬಹುದು. ಜ್ವರವೇ ರೋಗವಲ್ಲ, ರೋಗದ ಲಕ್ಷಣ ಮಾತ್ರ ಎಂಬ ವೈದ್ಯರ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಸಂಕೇತಗಳ ಭಾಷೆ

ಹಳೆಯ ಸುಜುಕಿ ಮಾದರಿಯ ಎಂಜಿನ್ನುಗಳಲ್ಲಿ ಸಂಕೇತವನ್ನು ಓದಲು ಸ್ಕ್ಯಾನರ್ ಬೇಕಾಗಿರಲಿಲ್ಲ. ಪರೀಕ್ಷೆಗೆಂದು ಇಟ್ಟಿರುವ ಕನೆಕ್ಟರಿನ ಗೊತ್ತಾದ ತುದಿಯನ್ನು ಅರ್ತಿಗೆ ಜೋಡಿಸಿ ಕೀಲಿಯನ್ನು ತಿರುಗಿಸಿದರೆ ಹಳದಿ ದೀಪವೇ ಮಿಣುಕಿ ಸಂಕೇತವನ್ನು ಹೇಳುತ್ತಿತ್ತು. ಮೊದಲು ಹತ್ತರ ಸ್ಥಾನದ ಮಿಣುಕುಗಳು, ಚಿಕ್ಕ ವಿರಾಮ, ಆಮೇಲೆ ಬಿಡಿಸ್ಥಾನದ ಮಿಣುಕುಗಳು. ಒಂದು ಮಿಣುಕು, ವಿರಾಮ, ಎರಡು ಮಿಣುಕು ಎಂದರೆ 12. ದೋಷವಿಲ್ಲ ಎಂದು ಅದರ ಅರ್ಥ. 13 ಆಮ್ಲಜನಕದ ಸೆನ್ಸರಿಗೆ, 14 ಮತ್ತು 15 ನೀರಿನ ಉಷ್ಣತೆಗೆ, 21 ಮತ್ತು 22 ಥ್ರಾಟಲಿಗೆ, 24 ವೇಗಕ್ಕೆ, 31 ಮತ್ತು 32 ಗಾಳಿಯ ಒತ್ತಡಕ್ಕೆ, 42 ಕ್ರ್ಯಾಂಕ್ ಅಥವಾ ಕ್ಯಾಮ್ ಕೋನಕ್ಕೆ ಸಂಬಂಧಿಸಿದವು. ಯಾವ ತುದಿಯನ್ನು ಜೋಡಿಸಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಆ ವಾಹನದ ಕೈಪಿಡಿಯನ್ನು ನೋಡದೆ ಕೈಹಾಕಬಾರದು. ತಪ್ಪು ತುದಿಯನ್ನು ಜೋಡಿಸಿದರೆ ಗಣಕವೇ ಸುಟ್ಟುಹೋಗಬಹುದು.

ಅನಂತರದ ಕಾರುಗಳಲ್ಲಿ ಸಂಕೇತಕ್ಕೆ ಒಂದು ಅಕ್ಷರ, ನಾಲ್ಕು ಅಂಕಿಗಳು. ಎಂಜಿನ್ ಮತ್ತು ಗೇರಿಗೆ ಸಂಬಂಧಿಸಿದವು ಪಿ ಅಕ್ಷರದಿಂದ ಆರಂಭವಾಗುತ್ತವೆ. ಎರಡನೆಯ ಸ್ಥಾನದಲ್ಲಿ ಸೊನ್ನೆಯಿದ್ದರೆ ಎಲ್ಲ ಕಂಪೆನಿಗಳಿಗೂ ಸಾಮಾನ್ಯವಾದ ಸಂಕೇತ. ಒಂದು ಇದ್ದರೆ ಆ ಕಂಪೆನಿಯದೇ ಆದದ್ದು. ಮೂರನೆಯ ಸ್ಥಾನವು ವಿಭಾಗವನ್ನು ತಿಳಿಸುತ್ತದೆ: 1 ಮತ್ತು 2 ಇಂಧನ ಹಾಗೂ ಗಾಳಿ, 3 ಕಿಡಿ ಮತ್ತು ಮಿಸ್ಸಿಂಗ್, 4 ಹೊಗೆ ನಿಯಂತ್ರಣ, 5 ವೇಗ ಹಾಗೂ ಐಡ್ಲಿಂಗ್, 6 ಗಣಕ, 7 ಗೇರ್. ಪಿ 0117 ಎಂದರೆ ನೀರಿನ ಉಷ್ಣತೆಯ ಸರ್ಕ್ಯೂಟಿನಲ್ಲಿ ವೋಲ್ಟೇಜು ತೀರ ಕಡಿಮೆ. ಪಿ 0118 ಎಂದರೆ ತೀರ ಹೆಚ್ಚು. ಪಿ 0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು. ಪಿ 0301ರಿಂದ 0304ರವರೆಗಿನವು ಒಂದರಿಂದ ನಾಲ್ಕನೆಯ ಸಿಲಿಂಡರಿನ ಮಿಸ್ಸಿಂಗನ್ನೂ, ಪಿ 0335 ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟನ್ನೂ ಸೂಚಿಸುತ್ತವೆ.

ದೀಪದ ನಡವಳಿಕೆಯೂ ಒಂದು ಭಾಷೆಯೇ. ಕೀಲಿ ತಿರುಗಿಸಿದಾಗ ಅದು ಹೊತ್ತಿ, ಎಂಜಿನ್ ಸ್ಟಾರ್ಟ್ ಆದಮೇಲೆ ಆರಬೇಕು. ಆರದೆ ಉಳಿದರೆ ದೋಷವಿದೆ. ಓಡುತ್ತಿರುವಾಗ ಬಿಟ್ಟುಬಿಟ್ಟು ಮಿಣುಕಿದರೆ, ಒ.ಬಿ.ಡಿ. ಎರಡನೆಯ ರೂಪದ ವಾಹನಗಳಲ್ಲಿ, ತೀವ್ರವಾದ ಮಿಸ್ಸಿಂಗ್ ಇದೆಯೆಂದು ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹರಿದು ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಸಂಭವವಿರುವುದರಿಂದ ವೇಗ ತಗ್ಗಿಸಿ ಬೇಗ ನಿಲ್ಲಿಸುವುದು ಒಳಿತು. ಕೀಲಿ ತಿರುಗಿಸಿದಾಗಲೂ ದೀಪ ಹೊತ್ತಲೇ ಇಲ್ಲವೆಂದರೆ ಬಲ್ಬು ಸುಟ್ಟಿರಬೇಕು, ಗಣಕಕ್ಕೆ ವಿದ್ಯುತ್ ಬಾರದಿರಬೇಕು, ಅಥವಾ ಹಿಂದಿನ ಒಡೆಯನು ಮಾರುವ ಮುನ್ನ ಬಲ್ಬನ್ನೇ ತೆಗೆಸಿರಬೇಕು. ಹಳೆಯ ಕಾರನ್ನು ಕೊಳ್ಳುವವರು ಮೊದಲು ನೋಡಬೇಕಾದುದು ಈ ದೀಪ ಹೊತ್ತುತ್ತದೆಯೇ ಎಂಬುದನ್ನು.

ಕರಾವಳಿಯ ವಿಶೇಷ ತೊಂದರೆಗಳು

ಕೈಪಿಡಿಗಳು ಒಣಹವೆಯ ದೇಶಕ್ಕೂ ಕರಾವಳಿಗೂ ಒಂದೇ ಮಾತನ್ನು ಹೇಳುತ್ತವೆ. ಆದರೆ ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ ಇರುವ ಮರವಂತೆಯ ರಸ್ತೆಯಲ್ಲಿ ದಿನವೂ ಓಡುವ ಕಾರಿನ ಪಾಡು ಬೇರೆ. ಉಪ್ಪಿನ ಅಂಶವುಳ್ಳ ತೇವದ ಗಾಳಿ ಕನೆಕ್ಟರಿನ ಒಳಹೊಕ್ಕು ತಾಮ್ರದ ಮೇಲೆ ಹಸಿರು ಕಿಲುಬನ್ನು ಬೆಳೆಸುತ್ತದೆ. ಎಷ್ಟೋ ಸಲ ತಂತಿಯ ಹೊದಿಕೆ ಹೊರನೋಟಕ್ಕೆ ಚೆನ್ನಾಗಿದ್ದು ಒಳಗಿನ ತಾಮ್ರ ಹುಡಿಯಾಗಿರುತ್ತದೆ. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿಯ ಬೋಲ್ಟು ತುಕ್ಕು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ, ಗಟ್ಟಿಯಾಗಿ ಬಿರಿದ ರಬ್ಬರ್ ಸೀಲುಗಳ ಮೂಲಕ ನೀರು ಒಳನುಗ್ಗುತ್ತದೆ.

ಎರಡನೆಯ ತೊಂದರೆ ನಿಂತೇ ಇರುವ ಕಾರಿನದು. ಒಡೆಯ ಪರಊರಿನಲ್ಲಿದ್ದು, ಹಬ್ಬಕ್ಕೋ ಕೋಲಕ್ಕೋ ಬಂದಾಗ ಮಾತ್ರ ಹೊರಡುವ ಕಾರಿನ ಬ್ಯಾಟರಿ ಕ್ಷೀಣವಾಗಿರುತ್ತದೆ. ಕೊಟ್ಟಿಗೆಯ ಇಲಿ-ಹೆಗ್ಗಣಗಳಿಗೆ ಬಾನೆಟ್ಟಿನ ಒಳಭಾಗ ಬೆಚ್ಚನೆಯ ಮನೆ. ತಂತಿಯ ಹೊದಿಕೆ ಹಲ್ಲುಜ್ಜುವ ಕಡ್ಡಿ. ಮೂರನೆಯದು ಘಾಟಿ. ಹೊಸಂಗಡಿಯಿಂದ ಹುಲಿಕಲ್ ಘಾಟಿಯನ್ನೋ ಕೊಲ್ಲೂರಿನಿಂದ ಮೇಲಕ್ಕೆ ಹೋಗುವ ಘಾಟಿಯನ್ನೋ ಏರುವಾಗ ಎಂಜಿನ್ ಬಹಳ ಹೊತ್ತು ಪೂರ್ಣ ಭಾರದಲ್ಲಿ ದುಡಿಯುವುದರಿಂದ, ಬಯಲಿನಲ್ಲಿ ಅಡಗಿದ್ದ ದೋಷ ಅಲ್ಲಿ ತಲೆ ಎತ್ತುತ್ತದೆ.

ನಾಲ್ಕನೆಯದು ಇತ್ತೀಚಿನದು. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಅನಂತರ ಅದು ದೇಶದಲ್ಲೆಲ್ಲ ಹರಡಿತು. ಎಥನಾಲಿನಲ್ಲಿ ಆಮ್ಲಜನಕ ಸೇರಿರುವುದರಿಂದ ಅಷ್ಟೇ ಗಾಳಿಗೆ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ, ಸುಮಾರು ಶೇಕಡ 7ರಿಂದ 8ರಷ್ಟು ಹೆಚ್ಚು ಇಂಧನ ಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಗಣಕ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಇಂಧನದ ಪಂಪು ಮೊದಲೇ ದುರ್ಬಲವಾಗಿದ್ದರೆ, ಅಂಚಿನಲ್ಲಿ ನಿಂತಿದ್ದ ಕಾರು ಅಂಚನ್ನು ದಾಟಿ ಪಿ 0171 ಸಂಕೇತವನ್ನು ತೋರಿಸಬಹುದು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದಾದುದರಿಂದ ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನ ವಿಷಯದಲ್ಲಿಯೂ ಎಚ್ಚರ ಬೇಕು.

ಪರೀಕ್ಷೆಯ ಕ್ರಮ

ಮೊದಲನೆಯದಾಗಿ, ಒಡೆಯನ ಮಾತನ್ನು ಸಾವಧಾನದಿಂದ ಕೇಳಬೇಕು. ಬೆಳಗ್ಗೆ ತಣ್ಣಗಿರುವಾಗಲೋ, ಬಿಸಿಯಾದಮೇಲೋ, ಮಳೆ ಬಂದಾಗಲೋ, ಏರಿನಲ್ಲೋ? ಹಿಂದೆ ಯಾರು ಏನನ್ನು ಬದಲಾಯಿಸಿದರು? ಈ ಪ್ರಶ್ನೆಗಳಿಗೆ ಹಣ ಬೇಡ; ಉತ್ತರದಲ್ಲಿ ಅರ್ಧ ನಿದಾನ ಅಡಗಿರುತ್ತದೆ.

ಎರಡನೆಯದಾಗಿ, ಸಂಕೇತಗಳನ್ನು ಓದಿ ಕಾಗದದ ಮೇಲೆ ಬರೆದುಕೊಳ್ಳಬೇಕು. ದೋಷ ಕಂಡ ಕ್ಷಣದ ವೇಗ, ಉಷ್ಣತೆ ಮೊದಲಾದುವನ್ನು ಗಣಕ ಕಾಪಿಟ್ಟಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಮೊದಲೇ ಬ್ಯಾಟರಿಯ ತಂತಿಯನ್ನು ಕಳಚಿ ದೀಪ ಆರಿತೆಂದು ಹಿಗ್ಗುವುದು ಸಾಕ್ಷಿಯನ್ನು ನಾಶಮಾಡಿದಂತೆ. ಸ್ಕ್ಯಾನರಿಗೆ ಜೀವವೇ ಬರದಿದ್ದರೆ ಸಾಕೆಟ್ಟಿನ 16ನೆಯ ತುದಿಯಲ್ಲಿ ಬ್ಯಾಟರಿಯ ವೋಲ್ಟೇಜು ಇದೆಯೇ, 4 ಮತ್ತು 5ನೆಯ ತುದಿಗಳಲ್ಲಿ ಅರ್ತ್ ಇದೆಯೇ ಎಂದು ನೋಡಬೇಕು. ಬಹಳಷ್ಟು ಸಲ ಫ್ಯೂಸು ಹೋಗಿರುತ್ತದೆ.

ಮೂರನೆಯದಾಗಿ, ಬೇರನ್ನು ನೋಡಬೇಕು. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಓಡುತ್ತಿರುವಾಗ 13.8ರಿಂದ 14.5 ವೋಲ್ಟ್ ಇರಬೇಕು. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಮುಟ್ಟಿಸಿದರೆ 0.2 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಹೆಚ್ಚು ಕಂಡರೆ ಅರ್ತ್ ದಾರಿ ತುಕ್ಕು ಹಿಡಿದಿದೆ. ಸಂಬಂಧವೇ ಇಲ್ಲದ ಮೂರು ನಾಲ್ಕು ಸಂಕೇತಗಳು ಒಟ್ಟಿಗೆ ಬಂದಾಗ ಎಲ್ಲ ಸೆನ್ಸರುಗಳೂ ಒಂದೇ ದಿನ ಕೆಟ್ಟವೆಂದು ತಿಳಿಯುವುದು ವಿವೇಕವಲ್ಲ. ಅವುಗಳಿಗೆಲ್ಲ ಸಮಾನವಾದ 5 ವೋಲ್ಟಿನ ತಂತಿಯನ್ನೋ ಅರ್ತನ್ನೋ ಮೊದಲು ನೋಡತಕ್ಕದ್ದು.

ನಾಲ್ಕನೆಯದಾಗಿ, ಸಂಕೇತ ಸೂಚಿಸಿದ ಸರ್ಕ್ಯೂಟನ್ನು ಪರೀಕ್ಷಿಸಬೇಕು. ಐದನೆಯದಾಗಿ, ರಿಪೇರಿಯ ನಂತರ ಸಂಕೇತವನ್ನು ಅಳಿಸಿ, ದೋಷ ಯಾವ ಸ್ಥಿತಿಯಲ್ಲಿ ಕಂಡಿತ್ತೋ ಅದೇ ಸ್ಥಿತಿಯಲ್ಲಿ ಓಡಿಸಿ ನೋಡಬೇಕು. ಘಾಟಿಯಲ್ಲಿ ಕಂಡ ದೋಷವನ್ನು ಶಾಸ್ತ್ರೀ ಸರ್ಕಲ್ಲಿಗೆ ಒಂದು ಸುತ್ತು ಹಾಕಿ ಗುಣವಾಯಿತೆನ್ನಲಾಗದು.

ಮೂರು ದೃಷ್ಟಾಂತಗಳು

ಪಿ 0118 ಸಂಕೇತ ಬಂದಿದೆಯೆಂದು ಭಾವಿಸೋಣ. ನೀರಿನ ಉಷ್ಣತೆಯ ಎರಡು ತಂತಿಯ ಸೆನ್ಸರಿನ ಕನೆಕ್ಟರನ್ನು ಬಿಚ್ಚಿ, ಆ ಎರಡು ತಂತಿಗಳನ್ನು ಒಂದು ಚಿಕ್ಕ ತಂತಿಯಿಂದ ಸೇರಿಸಿದಾಗ ಸ್ಕ್ಯಾನರಿನಲ್ಲಿ ಉಷ್ಣತೆ ಒಮ್ಮೆಲೆ ಅತಿ ಹೆಚ್ಚಿನ ಅಂಕಿಗೆ ಜಿಗಿಯಬೇಕು. ಜಿಗಿದರೆ ತಂತಿಯೂ ಗಣಕವೂ ಸರಿಯಾಗಿವೆ. ದೋಷ ಸೆನ್ಸರಿನದು ಅಥವಾ ಅದರ ಸಂಪರ್ಕದ ಕಿಲುಬಿನದು. ಜಿಗಿಯದಿದ್ದರೆ ತಂತಿಯನ್ನು ಹುಡುಕಬೇಕು. ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಪಿ 0117 ಬಂದಿದ್ದರೆ ಪರೀಕ್ಷೆ ತಿರುವುಮುರುವು: ಕನೆಕ್ಟರನ್ನು ಬಿಚ್ಚಿದೊಡನೆ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿದರೆ ಸೆನ್ಸರ್ ಕೆಟ್ಟಿದೆ, ಇಳಿಯದಿದ್ದರೆ ತಂತಿ ಎಲ್ಲೋ ಅರ್ತಿಗೆ ತಗಲುತ್ತಿದೆ. ಎರಡು ತಂತಿಯ ಉಷ್ಣತಾ ಸೆನ್ಸರುಗಳಿಗೆ ಮಾತ್ರ ಈ ಸೇರಿಸುವ ಪರೀಕ್ಷೆ ಸಲ್ಲುತ್ತದೆ. ಬೇರೆಯವುಗಳಲ್ಲಿ ಹೀಗೆ ಮಾಡಿದರೆ ಹಾನಿಯಾದೀತು.

ಎರಡನೆಯದು ಪಿ 0171. ಪೆಟ್ರೋಲ್ ಸಾಲದೆಂದು ವರದಿ ಮಾಡಿದ್ದು ಆಮ್ಲಜನಕದ ಸೆನ್ಸರ್. ಅನೇಕರು ಆ ಸೆನ್ಸರನ್ನೇ ಬದಲಾಯಿಸುತ್ತಾರೆ. ಇದು ಕೆಟ್ಟ ಸುದ್ದಿ ತಂದ ದೂತನನ್ನು ಶಿಕ್ಷಿಸಿದಂತೆ. ಗಣಕವು ಎಷ್ಟು ಪೆಟ್ರೋಲನ್ನು ಹೆಚ್ಚಿಸಿ ಸರಿದೂಗಿಸುತ್ತಿದೆ ಎಂಬ ಅಂಕಿಯನ್ನು ಸ್ಕ್ಯಾನರಿನಲ್ಲಿ ನೋಡಬೇಕು. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಎಂಜಿನ್ನಿನಲ್ಲಿ ಆ ಅಂಕಿ ಐಡ್ಲಿಂಗಿನಲ್ಲಿ ಹೆಚ್ಚಿದ್ದು ರೇಸ್ ಮಾಡಿದಾಗ ಇಳಿದರೆ, ಬಿರಿದ ರಬ್ಬರ್ ನಳಿಗೆಯಿಂದ ಕಳ್ಳಗಾಳಿ ಬರುತ್ತಿದೆ. ಏರಿನಲ್ಲಿ, ಭಾರದಲ್ಲಿ ಹೆಚ್ಚಾದರೆ ಇಂಧನದ ಫಿಲ್ಟರ್ ಕಟ್ಟಿದೆ ಅಥವಾ ಪಂಪು ಸೋತಿದೆ. ಒತ್ತಡದ ಸೆನ್ಸರಿನಿಂದ ಗಾಳಿಯನ್ನು ಅಂದಾಜು ಮಾಡುವ ಎಷ್ಟೋ ಹಳೆಯ ಚಿಕ್ಕ ಕಾರುಗಳಲ್ಲಿ ಕಳ್ಳಗಾಳಿಯ ಲಕ್ಷಣ ಬೇರೆ: ಒತ್ತಡ ಏರಿದ್ದನ್ನು ಕಂಡು ಗಣಕವೂ ಪೆಟ್ರೋಲ್ ಹೆಚ್ಚಿಸುವುದರಿಂದ ಸಂಕೇತ ಬರದೆ ಐಡ್ಲಿಂಗ್ ವೇಗ ಮಾತ್ರ ಏರಬಹುದು.

ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಘಾಟಿಯ ಅರ್ಧದಲ್ಲಿ ಎಂಜಿನ್ ತಟಕ್ಕನೆ ನಿಲ್ಲುತ್ತದೆ. ಅರ್ಧ ಗಂಟೆ ತಣಿದಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಬಂದಾಗ ಎಲ್ಲವೂ ಸರಿ. ಕ್ರ್ಯಾಂಕ್ ಸೆನ್ಸರಿನೊಳಗಿನ ನವಿರಾದ ಸುರುಳಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುವುದು ಇದರ ಕಾರಣಗಳಲ್ಲೊಂದು. ಈ ಸೆನ್ಸರಿನ ವರದಿಯಿಲ್ಲದೆ ಕಿಡಿ ಹಾರಿಸುವ ಕ್ಷಣ ಗಣಕಕ್ಕೆ ತಿಳಿಯದು. ಪಿ 0335 ಉಳಿದಿದ್ದರೆ ಸುಳಿವು ಸಿಕ್ಕಿತು. ಉಳಿಯದಿದ್ದರೂ, ಬಿಸಿಯಾಗಿ ನಿಂತಾಗಲೇ ಕಿಡಿ ಬರುತ್ತಿದೆಯೇ, ಇಂಧನದ ಪಂಪಿನ ಸದ್ದು ಕೇಳುತ್ತಿದೆಯೇ ಎಂದು ನೋಡಬೇಕು. ಕಿಡಿ, ಪೆಟ್ರೋಲು ಎರಡೂ ಒಟ್ಟಿಗೆ ನಿಂತಿದ್ದರೆ ಈ ಸೆನ್ಸರಿನ ಮೇಲೆಯೂ ಮುಖ್ಯ ರಿಲೇಯ ಮೇಲೆಯೂ ಅನುಮಾನ ನ್ಯಾಯವಾದುದು. ಘಾಟಿಯ ತಿರುವಿನಲ್ಲಿ ಎಂಜಿನ್ ನಿಂತರೆ ಬ್ರೇಕಿನ ಸಹಾಯಕ ಶಕ್ತಿಯೂ ಪವರ್ ಸ್ಟಿಯರಿಂಗೂ ಕೈಕೊಡುತ್ತವೆ. ಆದುದರಿಂದ, ತಾನೇ ಸರಿಯಾಯಿತಲ್ಲ ಎಂದು ಇಂತಹ ಕಾರನ್ನು ಮತ್ತೆ ಘಾಟಿಗೆ ಕಳುಹಿಸುವುದು ಸಲ್ಲದು.

ಸಂಕೇತವಿಲ್ಲದ ದೋಷ

ಇದಕ್ಕಿಂತ ಸೂಕ್ಷ್ಮವಾದುದು ಗಣಕಕ್ಕೆ ತಿಳಿಯದ ದೋಷ. ಗಣಕದೊಳಗಿನ ಸ್ಥಿರ ರೋಧ 2500 ಓಮ್ ಎಂದು ಇಟ್ಟುಕೊಳ್ಳೋಣ. 80 ಡಿಗ್ರಿಯಲ್ಲಿ ಸೆನ್ಸರಿನ ರೋಧ 320 ಓಮ್. ಒಟ್ಟು 2820. 5 ವೋಲ್ಟಿನಲ್ಲಿ ಸೆನ್ಸರಿನ ಪಾಲು 0.57 ವೋಲ್ಟ್. ಈಗ ಕನೆಕ್ಟರಿನ ಕಿಲುಬು 280 ಓಮ್ ರೋಧವನ್ನು ಸೇರಿಸಿತೆನ್ನೋಣ. ಗಣಕಕ್ಕೆ ಕಾಣುವ ರೋಧ 600 ಓಮ್, ವೋಲ್ಟೇಜು 0.97. ಇದು ಸುಮಾರು 60 ಡಿಗ್ರಿಗೆ ಸಲ್ಲುವ ಅಂಕಿ, ಮಿತಿಯೊಳಗೇ ಇದೆ, ಆದುದರಿಂದ ದೀಪ ಹೊತ್ತುವುದಿಲ್ಲ. ಎಂಜಿನ್ ಇನ್ನೂ ಪೂರ್ತಿ ಬಿಸಿಯಾಗಿಲ್ಲವೆಂದು ನಂಬಿ ಗಣಕವು ಪೆಟ್ರೋಲನ್ನು ಹೆಚ್ಚಾಗಿ ಚಿಮ್ಮಿಸತೊಡಗುತ್ತದೆ. ಫ್ಯಾನನ್ನೂ ಅದೇ ಸೆನ್ಸರ್ ನಡೆಸುವ ಕಾರಾದರೆ ಫ್ಯಾನ್ ತಡವಾಗಿ ತಿರುಗುತ್ತದೆ. ಮೈಲೇಜು ಕುಸಿಯುತ್ತದೆ, ಹೊಗೆ ಪರೀಕ್ಷೆಯಲ್ಲಿ ಕಾರು ಸೋಲುತ್ತದೆ, ಸ್ಕ್ಯಾನರ್ ಮಾತ್ರ ದೋಷವಿಲ್ಲವೆನ್ನುತ್ತದೆ.

ಇದನ್ನು ಹಿಡಿಯುವ ಉಪಾಯ ಸರಳವಾದುದು. ರಾತ್ರಿಯಿಡೀ ನಿಂತು ತಣಿದ ಕಾರಿನ ಕೀಲಿಯನ್ನು ಬೆಳಗ್ಗೆ ತಿರುಗಿಸಿ, ನೀರಿನ ಉಷ್ಣತೆ ಮತ್ತು ಗಾಳಿಯ ಉಷ್ಣತೆ ಎರಡನ್ನೂ ಸ್ಕ್ಯಾನರಿನಲ್ಲಿ ಓದಬೇಕು. ಎರಡೂ ಹೊರಗಿನ ಹವೆಗೆ ಸಮೀಪವಾಗಿ, ಪರಸ್ಪರ ಎರಡು ಮೂರು ಡಿಗ್ರಿಗಳೊಳಗೆ ಇರಬೇಕು. ಬಳಿಕ ಎಂಜಿನ್ ಪೂರ್ತಿ ಬಿಸಿಯಾದಾಗ ಗಣಕ ಹೇಳುವ ಉಷ್ಣತೆಯನ್ನು ಥರ್ಮಾಮೀಟರಿನಿಂದ ಅಳೆದ ಉಷ್ಣತೆಯೊಡನೆ ಹೋಲಿಸಬೇಕು. ಕಿಲುಬಿನ ರೋಧ ತಣ್ಣಗಿರುವಾಗ ಅಷ್ಟಾಗಿ ಕಾಣದೆ ಬಿಸಿಯಲ್ಲಿ ಎದ್ದು ಕಾಣುವುದರಿಂದ ಎರಡು ಪರೀಕ್ಷೆಗಳೂ ಅಗತ್ಯ. ಸೆನ್ಸರಿನ ಬೆಲೆಯನ್ನು ತೆರುವ ಮೊದಲು ಕನೆಕ್ಟರನ್ನು ಬಿಚ್ಚಿ ಶುಚಿಗೊಳಿಸಿ ನೋಡುವುದಕ್ಕೆ ಖರ್ಚಾಗುವುದು ಹತ್ತು ನಿಮಿಷ.

ವಿದ್ಯೆ ತಲುಪಬೇಕಾದ ಕೈಗಳು

ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಅದನ್ನು ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕೆಂಬುದು ನಿಯಮ. ಉಡುಪಿ ಜಿಲ್ಲೆಯ ಕೆ.ಎ. 20 ಫಲಕದ ಎಷ್ಟೋ ಹಳೆಯ ಕಾರುಗಳ ಆಯುಸ್ಸು ಈ ತಪಾಸಣೆಯ ಮೇಲೆಯೂ ಹೊಗೆ ಪರೀಕ್ಷೆಯ ಮೇಲೆಯೂ ನಿಂತಿದೆ. ನಿದಾನ ತಪ್ಪಿದರೆ, ರಿಪೇರಿಯ ವೆಚ್ಚ ಕಾರಿನ ಬೆಲೆಯನ್ನೇ ಮೀರಿ, ಹಸಿರು ಹಿಡಿದ ಒಂದು ಕನೆಕ್ಟರಿನ ದೆಸೆಯಿಂದ ಒಳ್ಳೆಯ ವಾಹನ ಗುಜರಿಗೆ ಹೋಗುತ್ತದೆ. ಅದರೊಡನೆ ಗ್ಯಾರೇಜಿನ ಮೇಲಿನ ವಿಶ್ವಾಸವೂ ಹೋಗುತ್ತದೆ. ಎರಡೂ ನಷ್ಟಗಳು ಬೀಳುವುದು ಸಾಮಾನ್ಯರ ಮೇಲೆಯೇ.

ಕಾರ್ಬ್ಯುರೇಟರ್ ಕಾಲದ ಮೇಸ್ತ್ರಿಗಳಲ್ಲಿ ಜಾಣ್ಮೆಗೆ ಕೊರತೆಯಿಲ್ಲ. ಕೊರತೆಯಿರುವುದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಪಾಠದಲ್ಲಿ. ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲ ಪ್ರಪಂಚ’ವನ್ನೂ ಹಿರಿಯರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟು, ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಬಾರದೆಂಬ ಮಾತನ್ನು ಸುಳ್ಳು ಮಾಡಿದರು. ಆ ನೆಲದಲ್ಲಿ ಎಂಜಿನ್ ಗಣಕದ ಪಾಠವನ್ನು ಕನ್ನಡದಲ್ಲಿ ಕಲಿಸಲಾಗದೆಂದರೆ ಒಪ್ಪತಕ್ಕ ಮಾತಲ್ಲ. ಸೆನ್ಸರ್, ಅರ್ತ್, ಕನೆಕ್ಟರ್ ಮೊದಲಾದ ಮಾತುಗಳನ್ನು ಗ್ಯಾರೇಜು ಆಗಲೇ ಕನ್ನಡವಾಗಿಸಿಕೊಂಡಿದೆ. ಉಳಿದಿರುವುದು ಕಾರಣ-ಕಾರ್ಯಗಳ ವಿವರಣೆ. ವಿದ್ಯಾಲಯಗಳ ಭೌತಶಾಸ್ತ್ರದ ಅಧ್ಯಾಪಕರು ಓಮನ ನಿಯಮವನ್ನು ಕಲಿಸುವಾಗ ಮೇಲಿನ ಕಿಲುಬಿನ ಲೆಕ್ಕವನ್ನೇ ಕಪ್ಪುಹಲಗೆಯ ಮೇಲೆ ಬಿಡಿಸಬಹುದು. ಹಳೆಯ ಎಂಜಿನ್ನೊಂದು, ಒಂದು ಮಲ್ಟಿಮೀಟರು, ಹಳೆಯ ಕಾರುಗಳ ಭಾಷೆಯನ್ನೂ ಬಲ್ಲ ಒಂದು ಸ್ಕ್ಯಾನರು ಇಷ್ಟಿದ್ದರೆ ರಜಾದಿನಗಳಲ್ಲಿ ಊರಿನ ಮೇಸ್ತ್ರಿಗಳನ್ನೂ ಹತ್ತನೆಯ ತರಗತಿ ಮುಗಿಸಿದ ಹುಡುಗರನ್ನೂ ಒಂದೇ ಮೇಜಿನ ಸುತ್ತ ಕೂರಿಸಬಹುದು. ಪರಸ್ಥಳಗಳಲ್ಲಿ ಈ ಉದ್ಯಮದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಅನುಭವವನ್ನು, ದಾನಿಗಳು ತಮ್ಮ ನೆರವನ್ನು ಇದಕ್ಕೆ ನೀಡಿದರೆ ಅದು ಸಾರ್ಥಕವಾದ ವಿನಿಯೋಗವೆಂಬುದರಲ್ಲಿ ಸಂದೇಹವಿಲ್ಲ.

ಸಂಕೇತವು ಹುಡುಕಬೇಕಾದ ದಿಕ್ಕನ್ನು ತೋರಿಸುತ್ತದೆ. ಆ ದಿಕ್ಕಿನಲ್ಲಿ ನಡೆದು ಅಳೆದು ನೋಡುವ ಕೆಲಸ ಮನುಷ್ಯನಿಗೇ ಉಳಿದಿದೆ. ಕಿವಿಯಿಂದ ಎಂಜಿನ್ನನ್ನು ಓದಬಲ್ಲ ಹಿರಿಯ ಮೇಸ್ತ್ರಿಯೂ ಮೀಟರನ್ನು ಓದಬಲ್ಲ ಕಿರಿಯ ವಿದ್ಯಾರ್ಥಿಯೂ ಒಂದಾಗಿ ಆ ಕೆಲಸಕ್ಕೆ ಕೈಹಚ್ಚಿದಲ್ಲಿ ಕರಾವಳಿಯ ಹಳೆಯ ಕಾರುಗಳು ಇನ್ನೂ ಕೆಲವು ಮಳೆಗಾಲಗಳನ್ನು ನಿರಾತಂಕವಾಗಿ ಕಾಣಬಲ್ಲವು.